ಗ್ಯಾಸ್ಟ್ರಿಕ್ ಬ್ಯಾಂಡ್: ಬಿಗಿ ಮಾಡಿಸಬೇಕೆ, ಸಡಿಲಿಸಬೇಕೆ, ಹಾಗೇ ಬಿಡಬೇಕೆ?

ಗ್ಯಾಸ್ಟ್ರಿಕ್ ಬ್ಯಾಂಡ್ ಎಂದರೆ ತೂಕ ಇಳಿಸಲು ಜಠರದ ಮೇಲ್ಭಾಗಕ್ಕೆ ಸುತ್ತುವ ಉಂಗುರ. ಅದಕ್ಕೆ ಸೂಜಿಯಿಂದ ಸಲೈನ್ (ಉಪ್ಪುನೀರು) ತುಂಬಿ ಬಿಗಿ ಮಾಡುವುದೇ ಫಿಲ್. ತೂಕ ಇಳಿಯುವುದು ನಿಂತಿದೆ, ಇನ್ನೊಂದು ಫಿಲ್ ಹಾಕಿಸಿಬಿಡೋಣ. ಬ್ಯಾಂಡ್ ಇರುವವರ ಮನಸ್ಸಿಗೆ ಮೊದಲು ಬರುವ ಲೆಕ್ಕ ಇದೇ. ಆದರೆ ಬ್ಯಾಂಡ್ ಸಡಿಲವಾಗಿದ್ದರೂ ತೂಕ ಏರುತ್ತದೆ, ಅತಿಯಾಗಿ ಬಿಗಿಯಾಗಿದ್ದರೂ ಏರುತ್ತದೆ. ಎರಡರಲ್ಲಿ ಯಾವುದು ಎಂದು ತೂಕದ ಯಂತ್ರ ಹೇಳುವುದಿಲ್ಲ. ಹಸಿವು, ನುಂಗುವಿಕೆ, ರಾತ್ರಿಯ ಕೆಮ್ಮು ಈ ಮೂರನ್ನು ಮೊದಲು ನೋಡಬೇಕು. ತೂಕದ ಮಾತು ಆಮೇಲೆ.

ಭಾರತದಲ್ಲಿ ಈಗ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಎಂದರೆ ಹೆಚ್ಚಾಗಿ ಸ್ಲೀವ್ (ಜಠರದ ಬಹುಭಾಗ ಕತ್ತರಿಸಿ ತೆಗೆಯುವುದು) ಅಥವಾ ಬೈಪಾಸ್ (ಊಟ ಜಠರದ ಬಹುಭಾಗವನ್ನು ಬಳಸಿ ಹೋಗುವಂತೆ ಮಾಡುವುದು). ಹೊಸದಾಗಿ ಬ್ಯಾಂಡ್ ಹಾಕಿಸಿಕೊಳ್ಳುವವರು ತೀರಾ ಕಡಿಮೆ. ಆದರೆ ಹದಿನೈದು ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಹಾಕಿಸಿಕೊಂಡವರು, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿದ್ದಾಗ ಹಾಕಿಸಿಕೊಂಡು ಊರಿಗೆ ಮರಳಿದವರು ನಮ್ಮ ನಡುವೆ ಇದ್ದಾರೆ. ಇವರ ಮುಖ್ಯ ತೊಂದರೆ ಏನೆಂದರೆ, ಬ್ಯಾಂಡ್ ಹಾಕಿದ ವೈದ್ಯರು ಒಂದು ಕಡೆ, ಇವರು ಇನ್ನೊಂದು ಕಡೆ.

ಒಳಗೆ ನಡೆಯುವುದೇನು

ಅನ್ನನಾಳ ಜಠರಕ್ಕೆ ಸೇರುವ ಜಾಗದ ತುಸು ಕೆಳಗೆ ಸಿಲಿಕೋನ್ ಉಂಗುರ ಸುತ್ತಿರುತ್ತದೆ. ಅದರ ಒಳಮೈಯಲ್ಲಿ ಬಲೂನು. ಬಲೂನಿನಿಂದ ಹೊರಟ ಸಣ್ಣ ಕೊಳವೆ ಹೊಟ್ಟೆಯ ಸ್ನಾಯುವಿನ ಮೇಲೆ, ಚರ್ಮದ ಅಡಿಯಲ್ಲಿ ಕೂತ ಪೋರ್ಟ್‌ಗೆ ಬಂದು ಸೇರುತ್ತದೆ. ಪೋರ್ಟ್‌ಗೆ ಸಲೈನ್ ತುಂಬಿದರೆ ಬಲೂನು ಉಬ್ಬಿ ದಾರಿ ಕಿರಿದಾಗುತ್ತದೆ, ತೆಗೆದರೆ ಅಗಲವಾಗುತ್ತದೆ. 1993ರಲ್ಲಿ ಬೆಲ್ಜಿಯಂನ ಡಾ. ಮಿಟಿಕು ಬೆಲಾಚೆವ್ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಇದನ್ನು ಮೊದಲು ಕೂರಿಸಿದರು. 2001ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಎಫ್‌ಡಿಎ, ಲ್ಯಾಪ್-ಬ್ಯಾಂಡ್ ಎಂಬ ಹೆಸರಿನ ಬ್ಯಾಂಡ್‌ಗೆ ಒಪ್ಪಿಗೆ ಕೊಟ್ಟಿತು.

ಬ್ಯಾಂಡಿನ ಮೇಲಿರುವ ಪುಟ್ಟ ಚೀಲ ಊಟದಿಂದ ತುಂಬಿದಾಗ ಹೊಟ್ಟೆ ತುಂಬುತ್ತದೆ ಎಂದು ಹಲವರು ತಿಳಿದಿದ್ದಾರೆ. ಆಸ್ಟ್ರೇಲಿಯಾದ ಡಾ. ಪಾಲ್ ಒಬ್ರಿಯೆನ್ ಮತ್ತು ಅವರ ತಂಡ ತೋರಿಸಿಕೊಟ್ಟದ್ದು ಬೇರೆ. ಬ್ಯಾಂಡ್ ಸರಿಯಾಗಿ ಹೊಂದಿದ್ದರೆ ಚೆನ್ನಾಗಿ ಅಗಿದ ತುತ್ತು ಮೇಲೆ ನಿಲ್ಲುವುದಿಲ್ಲ. ಅನ್ನನಾಳ ಕೆಲವು ಸಲ ಹಿಂಡಿ ಒಂದು ನಿಮಿಷದೊಳಗೆ ಅದನ್ನು ಕೆಳಗೆ ದಾಟಿಸುತ್ತದೆ. ಆ ಜಾಗದಲ್ಲಿ ಬೀಳುವ ಒತ್ತಡವೇ ಹಸಿವನ್ನು ತಗ್ಗಿಸುತ್ತದೆ. ಅಂದರೆ ಬ್ಯಾಂಡ್ ಇರುವುದು ಊಟವನ್ನು ತಡೆಯಲಿಕ್ಕಲ್ಲ. ಊಟ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರೆ ಬ್ಯಾಂಡ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅರ್ಥವಲ್ಲ.

ಸಡಿಲವೋ, ಬಿಗಿಯೋ

ಬ್ಯಾಂಡ್ ಕ್ಲಿನಿಕ್ಕುಗಳು ಇದನ್ನು ಹಳದಿ, ಹಸಿರು, ಕೆಂಪು ಎಂದು ಮೂರು ವಲಯವಾಗಿ ನೋಡುತ್ತವೆ. ಹಳದಿ ಎಂದರೆ ಸಡಿಲ. ಅರ್ಧ ಬಟ್ಟಲು ಊಟ ಮಾಡಿ ಎದ್ದ ಎರಡು ಗಂಟೆಗೇ ಮತ್ತೆ ನಿಜವಾದ ಹಸಿವು, ದೊಡ್ಡ ತುತ್ತೂ ಸಲೀಸಾಗಿ ಇಳಿಯುವುದು, ಮೆತ್ತನೆ ಬ್ರೆಡ್ಡು, ಚಪಾತಿ, ಕೋಳಿ ಯಾವುದೂ ತಡೆಯದಿರುವುದು ಇದರ ಗುರುತು. ಹಸಿರಿನಲ್ಲಿ ಸಣ್ಣ ಊಟಕ್ಕೇ ಮೂರು ನಾಲ್ಕು ಗಂಟೆ ಹಸಿವಿಲ್ಲ, ಗಟ್ಟಿ ಆಹಾರ ಅಗಿದರೆ ಇಳಿಯುತ್ತದೆ, ವಾಂತಿ ಇಲ್ಲ.

ಕೆಂಪು ವಲಯ ಮೋಸ ಮಾಡುವ ಜಾಗ. ಮೊದಮೊದಲು ತೂಕ ಬೇಗ ಇಳಿಯುವುದರಿಂದ ಖುಷಿಯಾಗುತ್ತದೆ. ಆಮೇಲೆ ಚಪಾತಿ ಸಿಕ್ಕಿಕೊಳ್ಳುತ್ತದೆ ಎಂದು ಬಿಡುತ್ತೀರಿ, ಪಲ್ಯದ ನಾರು ಸಿಕ್ಕಿಕೊಳ್ಳುತ್ತದೆ ಎಂದು ಬಿಡುತ್ತೀರಿ, ಮೊಟ್ಟೆ, ಮೀನು, ಕೋಳಿಯೂ ಹೋಗುತ್ತದೆ. ಉಳಿಯುವುದು ಸುಲಭವಾಗಿ ಜಾರುವ ಪದಾರ್ಥ: ಟೀಯಲ್ಲಿ ಅದ್ದಿದ ಬಿಸ್ಕತ್ತು, ಪಾಯಸ, ಐಸ್‌ಕ್ರೀಮು, ಮಿಲ್ಕ್‌ಶೇಕ್, ಬಾಯಲ್ಲೇ ಪುಡಿಯಾಗುವ ಚಕ್ಕುಲಿ, ನಿಪ್ಪಟ್ಟು, ಚಿಪ್ಸು. ಇವು ಬ್ಯಾಂಡಿಗೆ ತಿಳಿಯುವುದೇ ಇಲ್ಲ. ಹಸಿವೂ ಅಡಗದು, ಕ್ಯಾಲರಿಯೂ ಕಡಿಮೆಯಾಗದು. ತೂಕ ಮೆಲ್ಲಗೆ ಏರತೊಡಗುತ್ತದೆ. ಬ್ಯಾಂಡ್ ಸಡಿಲವಾಯಿತೇನೋ ಎಂದು ಆಗ ಫಿಲ್ಲಿಗೆ ಹೋದರೆ ಪರಿಸ್ಥಿತಿ ಇನ್ನಷ್ಟು ಹದಗೆಡುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಪ್ರಶ್ನೆ ಸಾಕಾಗುತ್ತದೆ: ಮಧ್ಯಾಹ್ನ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ತುಂಡು ಮೀನನ್ನು ಇಪ್ಪತ್ತು ನಿಮಿಷದಲ್ಲಿ, ಸಣ್ಣ ಸಣ್ಣ ತುತ್ತಾಗಿ, ನೋವಿಲ್ಲದೆ ತಿನ್ನಲು ಆಗುತ್ತದೆಯೆ? ಸಸ್ಯಾಹಾರಿಗಳಾದರೆ ಪನೀರು ಇಟ್ಟುಕೊಳ್ಳಿ. ತಿನ್ನಲು ಆಗಿ, ಎರಡೇ ಗಂಟೆಗೆ ಹಸಿವಾದರೆ ಸಡಿಲವಿರಬಹುದು. ತಿನ್ನಲು ಆಗದಿದ್ದರೆ, ತೂಕ ಎಷ್ಟೇ ಏರಿರಲಿ, ಸೇರಿಸುವ ಮಾತೇ ಬೇಡ.

ಬಿಗಿತದ ಇನ್ನೂ ಕೆಲವು ಗುರುತುಗಳನ್ನು ಜನ ಬ್ಯಾಂಡಿನ ಲೆಕ್ಕಕ್ಕೇ ಸೇರಿಸುವುದಿಲ್ಲ. ಮಲಗಿದಾಗ ಗಂಟಲಿಗೆ ಹುಳಿನೀರು ಬಂದು ಕೆಮ್ಮು, ಬೆಳಗ್ಗೆ ದಿಂಬಿನ ಮೇಲೆ ಕಲೆ, ಪದೇ ಪದೇ ಬರುವ ಎದೆಯ ಸೋಂಕು. ಅಸ್ತಮಾ ಎಂದು ಇನ್‌ಹೇಲರ್ ಹಿಡಿದು ಓಡಾಡುವವರಿದ್ದಾರೆ. ಬ್ಯಾಂಡಿನ ಮೇಲೆ ನಿಂತ ದ್ರವ ರಾತ್ರಿ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ರಾತ್ರಿಯ ಕೆಮ್ಮು ಒಂದೇ ಇದ್ದರೂ ಸಲೈನ್ ತೆಗೆಸಲು ಅಷ್ಟು ಕಾರಣ ಸಾಕು.

ಹಾಗೇ ಬಿಡುವುದು

ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುತ್ತಿದ್ದರೆ, ಊಟದ ನಡುವೆ ಹಸಿವಿಲ್ಲದಿದ್ದರೆ, ಬ್ಯಾಂಡ್ ಮುಟ್ಟುವ ಅಗತ್ಯವಿಲ್ಲ. ಎರಡು ಮೂರು ವಾರ ತೂಕ ನಿಂತ ಮಾತ್ರಕ್ಕೂ ಬೇಡ.

ಊಟದ ರೀತಿ ಕೆಟ್ಟಿದ್ದರೂ ಇದೇ ಆಯ್ಕೆ ಸರಿ. ಹಬ್ಬದ ತಿಂಗಳಲ್ಲಿ ಸಿಹಿ ಹೆಚ್ಚಾಗಿ ತೂಕ ಏರಿದರೆ ಅದಕ್ಕೆ ಸೂಜಿ ಮದ್ದಲ್ಲ. ಎರಡು ವಾರ ಹೀಗೆ ಮಾಡಿ ನೋಡಿ: ಒಂದು ಹೊತ್ತಿಗೆ ಅರ್ಧ ಕಪ್ಪಿನಷ್ಟು ಗಟ್ಟಿ ಆಹಾರ, ಟೀ ಚಮಚದಲ್ಲಿ ತುತ್ತು, ಒಂದು ತುತ್ತಿಗೆ ಒಂದು ನಿಮಿಷ, ಊಟದ ಜೊತೆ ನೀರು, ಮಜ್ಜಿಗೆ ಇಲ್ಲ. ಮೊದಲು ಪ್ರೋಟೀನು, ಆಮೇಲೆ ತರಕಾರಿ, ಕೊನೆಗೆ ಅನ್ನ. ಸಾರನ್ನವನ್ನು ಕಲಸಿ ನೀರಾಗಿಸಿ ಉಂಡರೆ ಬ್ಯಾಂಡ್ ಇದ್ದೂ ಇಲ್ಲದ ಹಾಗೆ. ಎರಡು ವಾರದ ನಂತರವೂ ಹಸಿವು ಹಾಗೇ ಇದ್ದರೆ ಫಿಲ್ಲಿನ ಯೋಚನೆಗೆ ಅರ್ಥವಿದೆ.

ರಾಗಿ ಮುದ್ದೆಯ ಬಗ್ಗೆ ಬೇರೆಯೇ ಹೇಳಬೇಕು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಅಭ್ಯಾಸ. ಬ್ಯಾಂಡ್ ಇರುವವರಿಗೆ ಅದು ನೇರವಾಗಿ ತಡೆ. ಮುದ್ದೆ ಸಿಕ್ಕಿಕೊಂಡ ಮಾತ್ರಕ್ಕೆ ಬ್ಯಾಂಡ್ ಬಿಗಿಯಾಗಿದೆ ಎನ್ನಲು ಬರುವುದಿಲ್ಲ, ಬಿಗಿಯಿಲ್ಲದಿದ್ದರೂ ಸಿಕ್ಕಿಕೊಳ್ಳಬಹುದು. ಮೆತ್ತಗೆ ಅಂಟುವ ಬಿಸಿ ಅನ್ನ, ಬ್ರೆಡ್ಡು, ಪೂರಿ, ಕಡುಬು ಕೂಡ ಇದೇ ಜಾತಿ. ಖಡಕ್ ಜೋಳದ ರೊಟ್ಟಿ ಮುರಿದು ಅಗಿದರೆ ಮೆತ್ತನೆ ರೊಟ್ಟಿಗಿಂತ ಸಲೀಸು. ನುಗ್ಗೆಕಾಯಿ, ಕಿತ್ತಳೆಯ ತೊಳೆ, ಟೊಮೆಟೊ ಸಿಪ್ಪೆ ಇವುಗಳ ನಾರನ್ನು ಉಗುಳಿಬಿಡಿ.

ಸೇರಿಸುವುದು

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಫಿಲ್ ಸಾಮಾನ್ಯವಾಗಿ 4ರಿಂದ 6 ವಾರದ ಮೇಲೆ. ಆಮೇಲಿನವು ಹಸಿವು ನೋಡಿಕೊಂಡು, ನಡುವೆ ಕೆಲವು ವಾರ ಬಿಟ್ಟು. ಎಷ್ಟು ಹಾಕಬೇಕು ಎನ್ನುವುದು ಬ್ಯಾಂಡಿನ ಮೇಲೆ ನಿಂತಿದೆ. ಲ್ಯಾಪ್-ಬ್ಯಾಂಡಿನ ಎಪಿ ಸ್ಟ್ಯಾಂಡರ್ಡ್ ಎಂಬ ಮಾದರಿ 10 ಮಿ.ಲೀ. ಹಿಡಿಯುತ್ತದೆ, ಎಪಿ ಲಾರ್ಜ್ 14 ಮಿ.ಲೀ., ಹಳೆಯ 9.75 ಮತ್ತು 10 ಸೆಂ.ಮೀ. ಬ್ಯಾಂಡುಗಳು ಸುಮಾರು 4 ಮಿ.ಲೀ. ಮಾತ್ರ, ಸ್ವೀಡಿಷ್ ಬ್ಯಾಂಡ್ ಎಂಬ ಇನ್ನೊಂದು ಬಗೆ ಸುಮಾರು 9. ಆದ್ದರಿಂದ "ಅವರ ಬ್ಯಾಂಡಿನಲ್ಲಿ ಆರು ಇದೆಯಂತೆ, ನನ್ನದರಲ್ಲಿ ನಾಲ್ಕೇ" ಎಂಬ ಹೋಲಿಕೆಗೆ ಬೆಲೆಯಿಲ್ಲ. ಎಪಿ ಸ್ಟ್ಯಾಂಡರ್ಡಿನಲ್ಲಿ ಅರ್ಧ ಮಿ.ಲೀ. ಸಾಧಾರಣ ಹೆಜ್ಜೆ. 4 ಮಿ.ಲೀ.ಯ ಹಳೆಯ ಬ್ಯಾಂಡಿನಲ್ಲಿ ಅಷ್ಟೇ ಹಾಕಿದರೆ ನೀರೂ ಇಳಿಯದೆ ಹೋಗಬಹುದು. ಹಸಿರು ವಲಯ ಹತ್ತಿರವಾದಂತೆ ಹೆಜ್ಜೆ 0.2, 0.3ಕ್ಕೆ ಇಳಿಯಬೇಕು.

ಕೆಲಸ ಐದು ಹತ್ತು ನಿಮಿಷದ್ದು. ಅಂಗಾತ ಮಲಗಿ ತಲೆ ಅಥವಾ ಕಾಲು ತುಸು ಎತ್ತಿದರೆ ಹೊಟ್ಟೆಯ ಸ್ನಾಯು ಬಿಗಿಯಾಗಿ ಪೋರ್ಟ್ ಕೈಗೆ ಸಿಗುತ್ತದೆ. ಚರ್ಮ ಶುಚಿ ಮಾಡಿ ಹ್ಯೂಬರ್ ಸೂಜಿ ಇಳಿಸುತ್ತಾರೆ. ಇದರ ತುದಿ ಪೋರ್ಟಿನ ಸಿಲಿಕೋನ್ ಮುಚ್ಚಳವನ್ನು ತುಂಡಾಗಿ ಕೀಳದೆ ಸೀಳಿಕೊಂಡು ಹೋಗುತ್ತದೆ. ಸಾಮಾನ್ಯ ಇಂಜೆಕ್ಷನ್ ಸೂಜಿ ಸಿಲಿಕೋನಿನ ಚೂರನ್ನು ಕಿತ್ತು ಸೋರಿಕೆಗೆ ದಾರಿ ಮಾಡುತ್ತದೆ. ಹೋಗುವ ಮೊದಲೇ ಫೋನ್ ಮಾಡಿ "ಹ್ಯೂಬರ್ ಸೂಜಿ ಇದೆಯಾ ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಬೇಡ. ಬ್ಯಾಂಡ್ ಅಪರೂಪವಾಗಿರುವ ಊರಿನಲ್ಲಿ ಇದು ನ್ಯಾಯವಾದ ಪ್ರಶ್ನೆ.

ಮುಂದಿನ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಹೊಸ ಸಲೈನ್ ಹಾಕುವ ಮೊದಲು ಒಳಗಿರುವುದನ್ನು ಪೂರ್ತಿ ಎಳೆದು ಅಳೆಯಬೇಕು. ದಾಖಲೆಯಲ್ಲಿ 5.5 ಇದ್ದು 5.3 ಬಂದರೆ ಚಿಂತೆಯಿಲ್ಲ, 3 ಬಂದರೆ ಎಲ್ಲೋ ಸೋರುತ್ತಿದೆ. ಸೋರುವ ಬ್ಯಾಂಡಿಗೆ ಎಷ್ಟು ತುಂಬಿದರೂ ಕೆಲವು ದಿನದಲ್ಲಿ ಖಾಲಿ. ಸೋರುತ್ತಿರುವುದು ಪೋರ್ಟೋ, ಕೊಳವೆಯೋ, ಬಲೂನೋ ಎಂದು ಹುಡುಕಬೇಕು. ಪೋರ್ಟು, ಕೊಳವೆಯಾದರೆ ಸಣ್ಣ ರಿಪೇರಿ, ಬಲೂನಾದರೆ ಬ್ಯಾಂಡನ್ನೇ ಬದಲಿಸಬೇಕು.

ಸಲೈನ್ ಹಾಕಿದ ಮೇಲೆ ನೆಟ್ಟಗೆ ಕೂತು ಒಂದು ಲೋಟ ನೀರು ಗುಟುಕು ಗುಟುಕಾಗಿ ಕುಡಿಯಬೇಕು. ಎದೆಯಲ್ಲಿ ನಿಂತರೆ, ಮೇಲೆ ಬಂದರೆ, ಅಲ್ಲೇ ತುಸು ತೆಗೆಸಿಕೊಂಡೇ ಏಳಬೇಕು. "ಮನೆಗೆ ಹೋದ ಮೇಲೆ ಸರಿಹೋಗುತ್ತದೆ" ಎಂಬ ಮಾತಿಗೆ ಒಪ್ಪಬೇಡಿ. ಆಮೇಲೆ ಒಂದೆರಡು ದಿನ ದ್ರವ, ಬಳಿಕ ಮೆತ್ತನೆಯದು, ಬಳಿಕ ಗಟ್ಟಿ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಆ ದ್ರವದ ದಿನಗಳ ಡೋಸನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು, ಇಲ್ಲವಾದರೆ ಸಕ್ಕರೆ ಕುಸಿಯುತ್ತದೆ.

ದಿನ ಆರಿಸುವುದರಲ್ಲೂ ಜಾಣತನ ಬೇಕು. ಊತದಿಂದ ಬಿಗಿತ ಮರುದಿನ, ಮೂರನೇ ದಿನ ಹೆಚ್ಚಾಗುವುದುಂಟು. ಶನಿವಾರ ಸಂಜೆ ಹಾಕಿಸಿಕೊಂಡು ಭಾನುವಾರ ನೀರಿಳಿಯದೆ ಒದ್ದಾಡುವ ಬದಲು ಸೋಮವಾರ, ಮಂಗಳವಾರದ ಬೆಳಗ್ಗೆ ಇಟ್ಟುಕೊಳ್ಳಿ. ಮನೆಯಲ್ಲಿ ಮದುವೆ ಇರುವ ವಾರ, ವಿಮಾನ ಹತ್ತುವ ವಾರ ಫಿಲ್ ಬೇಡವೇ ಬೇಡ. ಹಲವರಿಗೆ ಬ್ಯಾಂಡ್ ಬೆಳಗ್ಗೆ ಬಿಗಿ, ಸಂಜೆ ಸಡಿಲ. ಹೆಂಗಸರಲ್ಲಿ ಮುಟ್ಟಿನ ಮೊದಲಿನ ದಿನಗಳಲ್ಲಿ, ಯಾರಿಗೇ ಆಗಲಿ ತಲೆಬಿಸಿ ಹೆಚ್ಚಿದಾಗ ಬಿಗಿ ಎನಿಸುತ್ತದೆ. ಒಂದು ದಿನದ ಅನುಭವದ ಮೇಲೆ ತೀರ್ಮಾನಕ್ಕೆ ಬರಬೇಡಿ.

ಸೆಮಾಗ್ಲುಟೈಡ್, ತಿರ್ಜೆಪಟೈಡ್ ವಾರದ ಇಂಜೆಕ್ಷನ್ ಶುರು ಮಾಡಿದ ಬ್ಯಾಂಡಿನವರೂ ಈಗ ಇದ್ದಾರೆ. ಈ ಔಷಧಗಳು ಹಸಿವು ತಗ್ಗಿಸುತ್ತವೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ, ವಾಕರಿಕೆ ತರುತ್ತವೆ. ಡೋಸ್ ಏರಿಸಿದ ವಾರಗಳಲ್ಲೇ ಫಿಲ್ಲನ್ನೂ ಹಾಕಿಸಿದರೆ ವಾಂತಿ ಯಾವುದರಿಂದ ಎಂದು ಯಾರಿಗೂ ಗೊತ್ತಾಗದು. ಒಂದನ್ನು ಮಾಡಿ, ನೆಲೆಗೆ ಬರಲಿ, ಆಮೇಲೆ ಇನ್ನೊಂದು.

ಕೈಯಳತೆಯೋ, ಎಕ್ಸ್‌ರೇ ಪರದೆಯ ಮುಂದೋ

ಕ್ಲಿನಿಕ್ಕಿನಲ್ಲೇ ಪೋರ್ಟ್ ಮುಟ್ಟಿ ನೋಡಿ ಹಾಕುವುದು ಅಗ್ಗ, ಬೇಗ, ವಿಕಿರಣವಿಲ್ಲ. ನಿಯಮಿತವಾಗಿ ಒಬ್ಬರೇ ವೈದ್ಯರ ಬಳಿ ಹೋಗುವವರಿಗೆ, ಅಳತೆಯ ದಾಖಲೆ ಸರಿಯಿರುವವರಿಗೆ ಇಷ್ಟು ಸಾಕು. ಫ್ಲೋರೋಸ್ಕೋಪಿಯಲ್ಲಿ, ಅಂದರೆ ಚಲಿಸುವ ಎಕ್ಸ್‌ರೇಯಲ್ಲಿ, ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ಗುಟುಕು ಕುಡಿಸಿ, ಅದು ಇಳಿಯುವುದನ್ನು ಪರದೆಯಲ್ಲಿ ನೋಡುತ್ತ ಹೊಂದಿಸುತ್ತಾರೆ. ಖರ್ಚು ಹೆಚ್ಚು. ಆದರೆ ವರ್ಷಗಳಿಂದ ಯಾರಿಗೂ ತೋರಿಸದ ಬ್ಯಾಂಡು, ಬ್ಯಾಂಡಿನ ವಿವರವಿರುವ ಕಾರ್ಡು ಕಳೆದುಹೋದ ಬ್ಯಾಂಡು, ಕೈಗೆ ಸಿಗದ ಅಥವಾ ಮಗುಚಿಕೊಂಡ ಪೋರ್ಟು, ಹಿಂದೆ ಫಿಲ್ ಹಾಕಿದಾಗೆಲ್ಲ ತೊಂದರೆಯಾದವರು, ಇವರೆಲ್ಲ ಪರದೆಯ ಮುಂದೆಯೇ ಮಾಡಿಸಿಕೊಳ್ಳಲಿ. ಹೊರದೇಶದಿಂದ ಬಂದು ಇಲ್ಲಿ ಮೊದಲ ಸಲ ತೋರಿಸುವವರಿಗೂ ಅದೇ ಮಾತು. ಅವರು ಆ ಗುಟುಕಿಗೆ ಮೊದಲು ಸಲೈನ್ ಸೇರಿಸಲು ಒಪ್ಪಬಾರದು.

ತೆಗೆಸುವುದು: ಸ್ವಲ್ಪವೋ, ಪೂರ್ತಿಯೋ

ಕೊನೆಯ ಫಿಲ್ಲಿನ ನಂತರವೇ ತೊಂದರೆ ಶುರುವಾಗಿದ್ದರೆ, ಆಗ ಹಾಕಿದ್ದನ್ನು ಅಥವಾ ಅದರ ಅರ್ಧವನ್ನು ತೆಗೆಸಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ತೊಂದರೆ ಹಳೆಯದಾಗಿ, ಎದೆಯುರಿ, ರಾತ್ರಿ ಕೆಮ್ಮು, ನೊರೆ ಉಗುಳುವುದು ರೂಢಿಯೇ ಆಗಿಬಿಟ್ಟಿದ್ದರೆ 0.3 ತೆಗೆಸುವ ಜಿಪುಣತನದಿಂದ ಪ್ರಯೋಜನವಿಲ್ಲ. ಮೇಲಿನ ಚೀಲವೋ ಅನ್ನನಾಳವೋ ಹಿಗ್ಗಿದೆ ಎಂದು ಬೇರಿಯಂನಲ್ಲಿ ಕಂಡರೆ ಪೂರ್ತಿ ಖಾಲಿ ಮಾಡಿ 4ರಿಂದ 6 ವಾರ ಬಿಟ್ಟು, ಮತ್ತೆ ಬೇರಿಯಂ ನೋಡಿ, ಕುಗ್ಗಿದ್ದರೆ ಮೊದಲಿಂದ ನಿಧಾನವಾಗಿ ತುಂಬುವುದು ಪದ್ಧತಿ. ಈ ವಾರಗಳಲ್ಲಿ ಹಸಿವು ಜೋರಾಗಿ ಮರಳುತ್ತದೆ, ಎರಡು ಮೂರು ಕಿಲೋ ಏರಲೂಬಹುದು. ಆ ಭಯಕ್ಕೆ ಖಾಲಿ ಮಾಡಿಸುವುದನ್ನು ಮುಂದೂಡುವವರೇ ಬಹಳ. ಏರಿದ ಕಿಲೋ ಇಳಿಸಬಹುದು. ಹಿಗ್ಗಿ ಸೋತ ಅನ್ನನಾಳ ಸದಾ ಮೊದಲಿನಂತಾಗುವುದಿಲ್ಲ.

ಗರ್ಭಿಣಿಯರಲ್ಲಿ ವಾಂತಿ ಹೆಚ್ಚಿದ್ದರೆ, ಮಗುವಿಗೆ ಪೋಷಣೆ ಸಾಲದಿದ್ದರೆ ಸಡಿಲಿಸುತ್ತಾರೆ. ಬೇರೆ ಯಾವುದೇ ಆಪರೇಷನ್ನಿಗೆ ಅರಿವಳಿಕೆ ಕೊಡುವವರಿಗೂ ಬ್ಯಾಂಡ್ ಇರುವುದನ್ನು ಹೇಳಲೇಬೇಕು. ಮೇಲೆ ನಿಂತ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯ ಇರುವುದರಿಂದ ಮೊದಲೇ ಸಲೈನ್ ತೆಗೆಯಬೇಕಾಗಬಹುದು.

ತಡಮಾಡಬಾರದ ಹೊತ್ತು

ತುತ್ತು ಸಿಕ್ಕಿಕೊಂಡರೆ ಊಟ ನಿಲ್ಲಿಸಿ ಎದ್ದು ಓಡಾಡಿ. ನೀರು ಕುಡಿದು ಕೆಳಗೆ ತಳ್ಳಲು ಹೋಗಬೇಡಿ, ನೀರೂ ಅದರ ಮೇಲೆಯೇ ನಿಂತು ನೋವು ಹೆಚ್ಚುತ್ತದೆ. ಹೊರಬಂದ ಮೇಲೆ ಒಳಗೆ ಊತವಿರುವುದರಿಂದ ಮರುದಿನದವರೆಗೆ ದ್ರವವೇ ಇರಲಿ.

ನೀರಾಗಲಿ, ಬಾಯಿನೀರಾಗಲಿ ಇಳಿಯುತ್ತಿಲ್ಲ ಎಂದರೆ ಅದೇ ದಿನ ಆಸ್ಪತ್ರೆ. ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ತೀವ್ರ ನೋವೂ ಜೊತೆಗಿದ್ದರೆ ಜಠರ ಬ್ಯಾಂಡಿನಡಿಯಿಂದ ಮೇಲಕ್ಕೆ ಜಾರಿ ರಕ್ತಸಂಚಾರ ನಿಂತಿರಬಹುದು. ಅದು ಗಂಟೆಗಳ ಲೆಕ್ಕದ ತುರ್ತು. ಇಂಥ ಹೊತ್ತಿನಲ್ಲಿ ಹ್ಯೂಬರ್ ಸೂಜಿ ಸಿಗದಿದ್ದರೆ ಸಾಮಾನ್ಯ ಸಣ್ಣ ಸೂಜಿಯಿಂದಲೂ ಖಾಲಿ ಮಾಡಬಹುದು. ಪೋರ್ಟ್ ಹಾಳಾದರೆ ಬದಲಿಸಿಕೊಳ್ಳಬಹುದು. ಹತ್ತಿರದ ಆಸ್ಪತ್ರೆಯಲ್ಲಿ ಬ್ಯಾಂಡ್ ಕಂಡವರಿಲ್ಲದಿದ್ದರೂ ಶಸ್ತ್ರಚಿಕಿತ್ಸಕರು ಇದ್ದರೆ ಅಲ್ಲಿಗೇ ಹೋಗಿ. ಪೋರ್ಟ್ ಎಲ್ಲಿದೆ ಎಂದು ನೀವೇ ಬೆರಳಿಟ್ಟು ತೋರಿಸಬೇಕಾದೀತು.

ದಿನಗಟ್ಟಲೆ, ವಾರಗಟ್ಟಲೆ ವಾಂತಿಯಾದವರಿಗೆ ಥಯಾಮಿನ್ ಎಂಬ ಬಿ1 ವಿಟಮಿನ್ ಖಾಲಿಯಾಗಿರಬಹುದು. ಆಗ ಥಯಾಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಹಾಕಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡಾಗಿ ಕಾಣುವುದು, ನಡೆ ತೂರಾಡುವುದು, ಗೊಂದಲ ಅದರ ಲಕ್ಷಣ. ಎಷ್ಟು ದಿನದಿಂದ ವಾಂತಿ ಎಂಬುದನ್ನು ಡ್ರಿಪ್ ಹಾಕುವ ಮೊದಲೇ ಜೊತೆಗಿದ್ದವರು ಹೇಳಬೇಕು.

ಫಿಲ್ಲೂ ಅಲ್ಲ, ಪರೀಕ್ಷೆ ಬೇಕಾದಾಗ

ಇದುವರೆಗೆ ಚೆನ್ನಾಗಿದ್ದ ಬ್ಯಾಂಡ್ ಇದ್ದಕ್ಕಿದ್ದಂತೆ ಬಿಗಿಯಾಯಿತು, ಫಿಲ್ ಹಾಕಿಸಿಲ್ಲ ಎಂದರೆ ಜಾರಿರಬಹುದು. ಸಾದಾ ಎಕ್ಸ್‌ರೇಯಲ್ಲೇ ಸುಳಿವು ಸಿಗುತ್ತದೆ. ಬೆನ್ನುಮೂಳೆಯ ಗೆರೆಗೂ ಬ್ಯಾಂಡಿಗೂ ನಡುವಿನ ಕೋನ 4ರಿಂದ 58 ಡಿಗ್ರಿಯೊಳಗೆ ಇರಬೇಕು. ಪಕ್ಕದಿಂದ ಕಾಣುವ ಬ್ಯಾಂಡ್ ಚಪ್ಪಟೆ ಪಟ್ಟಿಯಂತೆ ಕಾಣಬೇಕು. ಅದು ಇಂಗ್ಲಿಷಿನ 'ಓ' ಅಕ್ಷರದಂತೆ ತೆರೆದುಕೊಂಡು ಕಂಡರೆ ವಾಲಿದೆ ಎಂದೇ ಅರ್ಥ.

ಇದಕ್ಕೆ ತದ್ವಿರುದ್ಧವಾದದ್ದು ಇನ್ನೊಂದು: ಎಷ್ಟು ತುಂಬಿದರೂ ಹಿಡಿತವೇ ಇಲ್ಲ, ಎಳೆದರೆ ಸಲೈನ್ ಅಷ್ಟೂ ಬರುತ್ತದೆ. ಸೋರಿಕೆಯಲ್ಲ, ಬ್ಯಾಂಡ್ ಜಠರದ ಗೋಡೆಯನ್ನು ಕೊರೆದು ಒಳಗೆ ಬಂದಿರಬಹುದು. ಆಪರೇಷನ್ ಆಗಿ ತಿಂಗಳು, ವರ್ಷ ಕಳೆದ ಮೇಲೆ ಪೋರ್ಟ್ ಜಾಗ ಕೆಂಪಾಗಿ ಕೀವು ಕಂಡರೂ ಇದೇ ಅನುಮಾನ. ಆ ಪೋರ್ಟ್‌ಗೆ ಸೂಜಿ ಹಾಕಬಾರದು, ಎಂಡೋಸ್ಕೋಪಿ ಆಗಬೇಕು. ಮಂಡಿನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಬ್ಯಾಂಡಿನವರಿಗೆ ಅವು ಒಳ್ಳೆಯದಲ್ಲ.

ಬ್ಯಾಂಡನ್ನೇ ತೆಗೆಸುವುದು

ಒಬ್ರಿಯೆನ್ ಅವರ ಮೆಲ್ಬರ್ನ್ ತಂಡ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 15 ವರ್ಷದ ನಂತರವೂ ಹೆಚ್ಚುವರಿ ತೂಕದ (ಇರಬೇಕಾದ ತೂಕಕ್ಕಿಂತ ಮೇಲಿದ್ದ ಭಾಗದ) ಶೇ. 47ರಷ್ಟು ಇಳಿಕೆ ಉಳಿದಿತ್ತು. ಬ್ರಸೆಲ್ಸ್‌ನಿಂದ 2011ರಲ್ಲಿ ಬಂದ ವರದಿಯಲ್ಲಿ 12 ವರ್ಷ ದಾಟುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಜನರ ಬ್ಯಾಂಡ್ ತೆಗೆಯಬೇಕಾಗಿ ಬಂದಿತ್ತು. ಎರಡೂ ನಿಜವೇ. ಕೈ ಬಿಡದೆ ನೋಡಿಕೊಳ್ಳುವ ತಂಡ ಇದ್ದ ಕಡೆ ಬ್ಯಾಂಡ್ ಉಳಿದದ್ದು ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಫಿಲ್ ಹಾಕುವವರು ನಿಮ್ಮ ಊರಿನಿಂದ ಒಂದು ದಿನದ ಪ್ರಯಾಣದಾಚೆ ಇದ್ದಾರೆ ಎಂದರೆ ಹೊಂದಿಸುತ್ತ ಹೋಗುವ ಆಯ್ಕೆಯೇ ದುರ್ಬಲ ಎಂದು ಒಪ್ಪಿಕೊಳ್ಳಬೇಕು.

ಬ್ಯಾಂಡ್ ಜಾರಿದ್ದರೆ, ಕೊರೆದಿದ್ದರೆ, ಖಾಲಿ ಮಾಡಿ ಬಿಟ್ಟರೂ ಅನ್ನನಾಳದ ಹಿಗ್ಗು ಇಳಿಯದಿದ್ದರೆ, ಹಸಿವು ತಗ್ಗುವಷ್ಟು ತುಂಬಿದರೆ ವಾಂತಿ, ವಾಂತಿ ನಿಲ್ಲುವಷ್ಟು ತೆಗೆದರೆ ಹಸಿವು ಎಂಬ ಹಗ್ಗಜಗ್ಗಾಟ ಮೂರು ನಾಲ್ಕು ಫಿಲ್ಲು ದಾಟಿದರೂ ಮುಗಿಯದಿದ್ದರೆ ತೆಗೆಸುವುದೇ ಸರಿ. ಬರೀ ತೆಗೆಸಿದರೆ ತೂಕ ಮರಳುವ ಸಾಧ್ಯತೆ ಬಹಳ, ಹಾಗಾಗಿ ಮುಂದಿನದನ್ನೂ ಆಗಲೇ ಮಾತಾಡಿಕೊಳ್ಳಬೇಕು. ಹುಳಿತೇಗು, ಎದೆಯುರಿ, ಅನ್ನನಾಳದ ಹಿಗ್ಗು ಇದ್ದವರಿಗೆ ಸ್ಲೀವ್‌ಗಿಂತ ಬೈಪಾಸ್ ವಾಸಿ, ಏಕೆಂದರೆ ಸ್ಲೀವ್ ಎದೆಯುರಿಯನ್ನು ಹೆಚ್ಚಿಸಬಲ್ಲದು. ತೆಗೆಯುವುದು, ಹೊಸದನ್ನು ಮಾಡುವುದು ಎರಡನ್ನೂ ಒಂದೇ ಸಲಕ್ಕೆ ಮುಗಿಸುವ ವೈದ್ಯರಿದ್ದಾರೆ. ಬ್ಯಾಂಡ್ ಕೊರೆದು ಒಳಬಂದಿದ್ದರೆ ಮಾತ್ರ ಗಾಯ ಮಾಗಲು ಕೆಲವು ತಿಂಗಳು ಬಿಟ್ಟು ಎರಡು ಹಂತದಲ್ಲಿ ಮಾಡಿಸುವುದು ಕ್ಷೇಮ. ಯಾವುದೇ ಆದರೂ ಉಂಗುರದ ಜೊತೆ ಕೊಳವೆ, ಪೋರ್ಟ್ ಎರಡೂ ಹೊರಬಂದವು ಎಂದು ಡಿಸ್ಚಾರ್ಜ್ ಕಾಗದದಲ್ಲಿ ಬರೆಸಿಕೊಳ್ಳಿ.